ಮೈಲು 104ರ ಗೇಜ್: ಎಡದಂಡೆ ಕಾಲುವೆಯ ಮೇಲ್ಭಾಗದ ರೈತರಿಗೆ ಒಂದು ಬಹಿರಂಗ ಪತ್ರ

ಕೊಪ್ಪಳ, ಗಂಗಾವತಿ, ಕಾರಟಗಿ, ಸಿಂಧನೂರು ಸೀಮೆಯ ರೈತ ಬಾಂಧವರೇ,

ಮುನಿರಾಬಾದ್‌ನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಕೆಲವೇ ವಾರಗಳಲ್ಲಿ ಮಾನ್ವಿ, ಸಿರವಾರ, ರಾಯಚೂರು ಭಾಗದ ರೈತರು ರಸ್ತೆಗೆ ಇಳಿಯುವುದು ಹೊಸ ಸುದ್ದಿಯಾಗಿ ಉಳಿದಿಲ್ಲ. ಅವರ ಬೇಡಿಕೆಯೂ ಬದಲಾಗಿಲ್ಲ: ಮೈಲು 69ರಲ್ಲಿ, ಮೈಲು 104ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಕಾಯ್ದುಕೊಳ್ಳಿ, ಕೊನೆ ಭಾಗಕ್ಕೆ ನೀರು ಮುಟ್ಟಿಸಿ. ಅಧಿಕಾರಿಗಳು ಬರುತ್ತಾರೆ, ಭರವಸೆ ಕೊಡುತ್ತಾರೆ, ಕಾಲುವೆಯ ದಂಡೆಗೆ ಪೊಲೀಸರನ್ನು ಕಳಿಸುತ್ತಾರೆ. ನಾಲ್ಕು ದಿನ ನೀರು ಏರುತ್ತದೆ, ಐದನೆಯ ದಿನ ಇಳಿಯುತ್ತದೆ. ಈ ಬೇಡಿಕೆಯನ್ನು ಇಷ್ಟು ವರ್ಷ ಇಲಾಖೆಗೆ, ಶಾಸಕರಿಗೆ, ಮಂತ್ರಿಗಳಿಗೆ ಬರೆದದ್ದಾಯಿತು. ನಾನು ಅದನ್ನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಮೈಲು 104ರಲ್ಲಿ ನೀರು ಎಷ್ಟು ಎತ್ತರ ನಿಲ್ಲಬೇಕು ಎಂಬುದನ್ನು ನಿಜವಾಗಿ ತೀರ್ಮಾನಿಸುವವರು ನೀವೇ. ಮೇಲ್ಭಾಗದಲ್ಲಿ ಭತ್ತದ ವಿಸ್ತೀರ್ಣಕ್ಕೆ ನಿಮ್ಮ ನೀರು ಬಳಕೆದಾರರ ಸಂಘಗಳೇ ಒಂದು ಮಿತಿ ಹಾಕಿಕೊಳ್ಳಬೇಕು, ಎರಡನೇ ಬೆಳೆಗೆ ಭತ್ತವನ್ನು ಬಿಟ್ಟು ಲಘು ನೀರಾವರಿ ಬೆಳೆಗಳಿಗೆ ಬರಬೇಕು ಎಂಬುದು ನನ್ನ ಕೋರಿಕೆ. ಇದು ದೊಡ್ಡ ಕೋರಿಕೆ ಎಂಬುದು ಗೊತ್ತು. ಅದಕ್ಕೇ ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಈ ಕಾಲುವೆಯನ್ನು ಯಾಕೆ ತೋಡಿದರು ಎಂಬಲ್ಲಿಂದ ಶುರುಮಾಡಬೇಕು. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ ಬಳ್ಳಾರಿ, ರಾಯಚೂರು ಸೀಮೆಯ ಊರೂರನ್ನೇ ಬರಿದು ಮಾಡಿತು. ತುಂಗಭದ್ರೆಗೆ ಅಣೆಕಟ್ಟು ಬೇಕು ಎಂಬ ಮಾತಿಗೆ ಜೀವ ಬಂದದ್ದು ಅಂಥ ಬರಗಳ ನೆನಪಿನಿಂದ. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತ್ಯ ಸೇರಿ 1945ರಲ್ಲಿ ಕೆಲಸ ಆರಂಭಿಸಿ, 1953ರಲ್ಲಿ ನೀರು ಹರಿಸಿದವು. ಎಡದಂಡೆ ಹೈದರಾಬಾದಿನ ಪಾಲು, ಬಲದಂಡೆ ಮದ್ರಾಸಿನ ಪಾಲು. ಯೋಜನೆಯ ಉದ್ದೇಶ ಬರದಿಂದ ರಕ್ಷಣೆ. ಅಂದರೆ ಕೆಲವರಿಗೆ ಹೇರಳ ನೀರು ಕೊಡುವುದಕ್ಕಿಂತ, ಮಳೆ ಕೈಕೊಟ್ಟ ವರ್ಷದಲ್ಲಿ ಬಹಳ ಜನರ ಜೋಳ, ಶೇಂಗಾ, ಹತ್ತಿ ಒಣಗದಂತೆ ನೋಡಿಕೊಳ್ಳುವುದು. ಅದಕ್ಕೇ ಕಾಲುವೆಯನ್ನು 141 ಮೈಲು, ಅಂದರೆ 227 ಕಿಲೋಮೀಟರ್ ಉದ್ದಕ್ಕೆ ಎಳೆದರು. ಗಂಗಾವತಿ ಬಳಿಯ ಬಂಡೆಗುಡ್ಡದಲ್ಲಿ ಪಾಪಯ್ಯ ಸುರಂಗ ಕೊರೆದರು. ಸುಮಾರು 6 ಲಕ್ಷ ಎಕರೆಗೆ ನೀರು ಹಂಚಿ ಲೆಕ್ಕ ಬರೆದರು. ಯಾವ ಸರ್ವೆ ನಂಬರಿಗೆ ಮುಂಗಾರಿನ ಲಘು ನೀರಾವರಿ, ಯಾವುದಕ್ಕೆ ಹಿಂಗಾರಿನದು, ಯಾವುದಕ್ಕೆ ಭತ್ತ ಎಂದು ಲೋಕಲೈಜೇಶನ್ ಪಟ್ಟಿಯಲ್ಲಿ ಗುರುತು ಮಾಡಿದರು. ಆ ಪಟ್ಟಿಯಲ್ಲಿ ಭತ್ತಕ್ಕೆ ಸಿಕ್ಕದ್ದು ಸಣ್ಣ ಪಾಲು. ಕಾಲುವೆಯ ಅಗಲ, ಆಳ, ತೂಬಿನ ಅಳತೆ ಎಲ್ಲವೂ ಆ ಪಟ್ಟಿಯನ್ನು ನಂಬಿ ಆದವು.

ಮುಂದೆ ಆದದ್ದು ಬೇರೆ. ನೀರು ಬಂದ ಮೊದಲ ವರ್ಷಗಳಲ್ಲಿ ಈ ಸೀಮೆಯ ಒಣಬೇಸಾಯದ ರೈತರಿಗೆ ಕಾಲುವೆಯ ಬೇಸಾಯ ಗೊತ್ತಿರಲಿಲ್ಲ, ಹೊಲ ಸಮ ಮಾಡಲು ಬಂಡವಾಳವೂ ಇರಲಿಲ್ಲ. ಕೃಷ್ಣಾ, ಗೋದಾವರಿ ಮುಖಜ ಭೂಮಿಯಿಂದ ಬಂದ ಕುಟುಂಬಗಳು ಇಲ್ಲಿ ಜಮೀನು ಕೊಂಡು, ಕ್ಯಾಂಪ್‌ಗಳನ್ನು ಕಟ್ಟಿಕೊಂಡು, ಏರುತಗ್ಗಿನ ನೆಲವನ್ನು ಮಡಿ ಮಾಡಿ ಭತ್ತ ನಾಟಿ ಮಾಡಿದವು. ಅವರನ್ನು ನೋಡಿ ಊರಿನವರೂ ಕಲಿತರು. ಇವತ್ತು ಕ್ಯಾಂಪಿನವರು, ಊರಿನವರು ಎಂಬ ಭೇದವಿಲ್ಲದೆ ಭತ್ತ ಬೆಳೆಯುತ್ತೀರಿ. ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳು, ಅಲ್ಲಿಂದ ಹೋಗುವ ಸೋನಾ ಮಸೂರಿ, ಅದನ್ನು ನಂಬಿದ ಹಮಾಲರು, ಲಾರಿಯವರು, ನಾಟಿಯ ಹೆಣ್ಣುಮಕ್ಕಳು: ಇಷ್ಟು ದೊಡ್ಡ ಬದುಕನ್ನು ನೀವು ನಿಮ್ಮ ದುಡಿಮೆಯಿಂದ ಎಬ್ಬಿಸಿದ್ದೀರಿ. ಇದನ್ನು ತಪ್ಪು ಎಂದು ಕರೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಭತ್ತಕ್ಕೆ ಕುಡಿಸಿದ ನೀರು ಆಕಾಶದಿಂದ ಬಂದ ಹೆಚ್ಚುವರಿ ನೀರಾಗಿರಲಿಲ್ಲ. ಅದು ಕೆಳಗಿನ ಮೈಲುಗಳ ಹೆಸರಿನಲ್ಲಿ ಬರೆದಿದ್ದ ನೀರು.

ಕೊನೆ ಭಾಗದಲ್ಲಿ ನೀರಿನ ಕೊರತೆ ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಮುಖ್ಯ ಕಾಲುವೆಯಿಂದ ಉಪಕಾಲುವೆ ಸೀಳುವ ಕಡೆ ಒಂದು ತೂಬು, ಅದರ ಪಕ್ಕದ ಗೋಡೆಯ ಮೇಲೆ ಅಡಿ ಮತ್ತು ಅಡಿಯ ಭಾಗಗಳನ್ನು ಬಣ್ಣದಲ್ಲಿ ಬರೆದ ಗೇಜ್. ತೂಬಿನ ಹೊಸ್ತಿಲು ಕಾಲುವೆಯ ತಳಕ್ಕಿಂತ ಮೇಲಿರುತ್ತದೆ, ಅದು ಕಲ್ಲು ಕಾಂಕ್ರೀಟಿನದು, ಜಗ್ಗುವಂಥದ್ದಲ್ಲ. ಕಾಲುವೆಯಲ್ಲಿ ನೀರು ಅರ್ಧಕ್ಕೆ ಇಳಿಯಿತು ಅಂದರೆ ಉಪಕಾಲುವೆಗೆ ಅರ್ಧ ನೀರು ಹೋಗುತ್ತದೆ ಎಂದು ಭಾವಿಸಬಾರದು. ಎಷ್ಟೋ ತೂಬುಗಳಿಗೆ ನೀರು ಏರುವುದೇ ಇಲ್ಲ, ಕಾಲುವೆಯಲ್ಲಿ ನೀರು ಕಣ್ಣೆದುರೇ ಹರಿಯುತ್ತಿರುತ್ತದೆ, ಹೊಲಗಾಲುವೆ ಒಣಗಿರುತ್ತದೆ. ಮೇಲೆ ಹತ್ತು ಕಡೆ ದಂಡೆಯ ಮೇಲಿನ ಪಂಪ್‌ಸೆಟ್ಟುಗಳು, ದಂಡೆಯ ಅಡಿ ತೂರಿಸಿದ ಪೈಪುಗಳು, ರಾತ್ರಿ ಒಂದೆರಡು ಸುತ್ತು ಹೆಚ್ಚಿಗೆ ಎತ್ತಿದ ಗೇಟುಗಳು ಸೇರಿದರೆ ಕೆಳಗೆ ಅರ್ಧ ಅಡಿ ಗೇಜ್ ಇಳಿಯುವುದು ಕಷ್ಟವೇನಲ್ಲ. ಆ ಅರ್ಧ ಅಡಿ ಮೇಲ್ಭಾಗದ ಕಾಲುವೆಯಲ್ಲಿ ಗಮನಕ್ಕೂ ಬರುವುದಿಲ್ಲ. ಕೆಳಗೆ ಅದು ಮೆಣಸಿನಕಾಯಿ ಹೂ ಬಿಡುವ ಹೊತ್ತಿನ ಒಂದು ಸರದಿ ನೀರನ್ನು ಪೂರಾ ಕಸಿಯುತ್ತದೆ. ನೀರಿನ ಕರ ಕಟ್ಟುವ ರೈತನಿಗೆ ಇದನ್ನು ವಿವರಿಸಬೇಕಾದವನು ಹೊರಗುತ್ತಿಗೆಯ ಸಂಬಳಕ್ಕೆ ದುಡಿಯುವ ಗ್ಯಾಂಗ್‌ಮನ್. ಅವನು ಮೇಲಿನವರಿಂದಲೂ ಕೆಳಗಿನವರಿಂದಲೂ ಬೈಸಿಕೊಳ್ಳುತ್ತಾನೆ. ಹೊಲದ ಮಾತು ಹಾಗಿರಲಿ, ಕುಡಿಯುವ ನೀರಿನ ಮಾತೂ ಇದೇ ಕಾಲುವೆಯದು. ರಾಯಚೂರು ನಗರಕ್ಕೆ ನೀರೂಡಿಸುವ ರಾಂಪೂರ ಜಲಾಶಯ, ದಾರಿಯುದ್ದಕ್ಕೂ ಇರುವ ಊರುಗಳ ಕುಡಿಯುವ ನೀರಿನ ಕೆರೆಗಳು ತುಂಬುವುದು ಗೇಜ್ ಇದ್ದರೆ ಮಾತ್ರ.

ಉದ್ದದ ಕಾಲುವೆಯಲ್ಲಿ ಕೊನೆಯ ತನಕ ಮಟ್ಟ ಕಾಯುವುದು ಸಾಧ್ಯವೇ ಇಲ್ಲ ಎನ್ನುವವರಿದ್ದಾರೆ. ಅವರಿಗೆ ನಿಮ್ಮಲ್ಲೇ ಹಲವರ ಹಿರಿಯರು ಬಿಟ್ಟುಬಂದ ನಾಡಿನಲ್ಲಿ ಉತ್ತರವಿದೆ. ಗೋದಾವರಿಗೆ ಧವಳೇಶ್ವರದ ಬಳಿ ಎಂಜಿನಿಯರ್ ಆರ್ಥರ್ ಕಾಟನ್ 1847ರಿಂದ 1852ರವರೆಗೆ ಅಣೆಕಟ್ಟು ಕಟ್ಟಿಸಿದಾಗ ಕಾಲುವೆಗಳನ್ನು ಎರಡು ಕೆಲಸಕ್ಕೆ ಎಳೆಸಿದರು: ಗದ್ದೆಗೆ ನೀರು, ಸರಕಿಗೆ ದೋಣಿ. ಭತ್ತದ ಮೂಟೆ ಹೊತ್ತ ಪಡವುಗಳು ಆ ಕಾಲುವೆಗಳಲ್ಲೇ ಕಾಕಿನಾಡದ ಬಂದರಿಗೆ ಹೋಗುತ್ತಿದ್ದವು. ಕರಾವಳಿಯ ಬಕಿಂಗ್‌ಹ್ಯಾಮ್ ಕಾಲುವೆ ಸೇರಿಕೊಂಡು ಮದ್ರಾಸಿನವರೆಗೂ ಜಲಮಾರ್ಗ ಬೆಳೆಯಿತು. ದೋಣಿ ಓಡಬೇಕಾದರೆ ಕಾಲುವೆಯ ಯಾವ ಮೈಲಿನಲ್ಲೂ ಆಳ ಕಡಿಮೆಯಾಗುವ ಹಾಗಿಲ್ಲ. ಲಾಕ್ ಗೇಟುಗಳನ್ನು ಹಾಕಿ ಒಂದೊಂದು ಭಾಗದ ಮಟ್ಟವನ್ನೂ ಹಿಡಿದಿಡಬೇಕು. ಮೇಲಿನವರು ಮನಸ್ಸಿಗೆ ಬಂದಷ್ಟು ಎಳೆದುಕೊಂಡರೆ ಅದೇ ದಿನ ಪಡವು ಕೆಸರಿಗೆ ಕೂರುತ್ತದೆ, ವ್ಯಾಪಾರಿ ಕೂಗುತ್ತಾನೆ. ಹಾಗಾಗಿ ಸಾಗಣೆಗಾಗಿ ಕಾಯ್ದ ಮಟ್ಟ ಬೇಸಾಯಕ್ಕೂ ಒದಗಿತು. ನಮ್ಮ ತುಂಗಭದ್ರೆಯಲ್ಲೂ ಕಾಟನ್ ಅವರ ಆಲೋಚನೆಯಿಂದಲೇ ಇಂಥ ಪ್ರಯತ್ನವೊಂದು ನಡೆಯಿತು. ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿ 1860ರ ದಶಕದಲ್ಲಿ ಸುಂಕೇಶುಲದಿಂದ ಕಡಪದವರೆಗೆ ದೋಣಿ ಓಡುವಂತೆ ಕಾಲುವೆ ತೋಡಿತು. ಹಣದ ಲೆಕ್ಕದಲ್ಲಿ ಅದು ಸೋತಿತು, 1882ರಲ್ಲಿ ಸರ್ಕಾರವೇ ಕೊಂಡುಕೊಂಡಿತು. ಆ ಕರ್ನೂಲು-ಕಡಪ ಕಾಲುವೆ ಇವತ್ತಿಗೂ ಹೊಲಕ್ಕೆ ನೀರು ಕೊಡುತ್ತಿದೆ. ಎಡದಂಡೆಯ ಮೇಲೆ ದೋಣಿ ಓಡಿಸೋಣ ಎಂದು ನಾನು ಹೇಳುತ್ತಿಲ್ಲ; ಇಲ್ಲಿಯ ಏರಿಳಿತಕ್ಕೆ ಅದು ಹೊಂದುವ ಮಾತೂ ಅಲ್ಲ. ದೋಣಿಯ ಕಾಲುವೆಗಳಲ್ಲಿ ಆಳ ತಗ್ಗಿದರೆ ಆ ಕ್ಷಣಕ್ಕೇ ಕೇಳುವವರಿದ್ದರು. ನಮ್ಮ ಕಾಲುವೆಯಲ್ಲಿ ಕೊನೆಯ ಮೈಲಿನ ಆಳಕ್ಕೆ ಅಂಥ ವಾರಸುದಾರರಿಲ್ಲ. ಕೇಳುವವರು ನೂರು ಮೈಲು ದೂರದಲ್ಲಿದ್ದಾರೆ, ಅವರ ಕೂಗು ಮುನಿರಾಬಾದ್ ಮುಟ್ಟುವಷ್ಟರಲ್ಲಿ ಬೆಳೆ ಬಾಡಿರುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಟಿಎಂಸಿ ನೀರನ್ನು ನೆಲದ ಮೇಲೆ ಒಂದಡಿ ಎತ್ತರ ನಿಲ್ಲಿಸಿದರೆ ಸುಮಾರು 23,000 ಎಕರೆ ಆವರಿಸುತ್ತದೆ. ಕೆಸರು ಮಾಡಿ ನಾಟಿ ಹಾಕುವ ಭತ್ತಕ್ಕೆ, ಇಂಗಿ ಹೋಗುವುದೂ ಸೇರಿ, ಒಂದು ಹಂಗಾಮಿಗೆ ಐದಡಿ ಎಂದಿಟ್ಟುಕೊಳ್ಳಿ. ಜೋಳ, ಕಡಲೆ, ಸೂರ್ಯಕಾಂತಿಯಂಥ ಬೆಳೆಗೆ ಎರಡಡಿಯನ್ನು ಧಾರಾಳವಾಗಿಯೇ ಹಿಡಿಯೋಣ. ದಾರಿಯ ಸೋರಿಕೆಯನ್ನು ಬಿಟ್ಟರೂ ಒಂದು ಟಿಎಂಸಿಯಲ್ಲಿ ಭತ್ತ 4,600 ಎಕರೆ, ಲಘು ನೀರಾವರಿ 11,500 ಎಕರೆ. ಮೇಲಿನ ಒಂದು ಎಕರೆಯ ಬೇಸಿಗೆ ಭತ್ತ ಕೆಳಗೆ ಎರಡೂವರೆ ಎಕರೆಯನ್ನು ಬೀಳು ಬಿಡಿಸುತ್ತದೆ ಎಂದು ಇದರರ್ಥ. ಇದರ ಮೇಲೆ ಹೂಳಿನ ಲೆಕ್ಕ ಸೇರಿಸಿ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು 106 ಟಿಎಂಸಿಗೂ ತುಸು ಕಡಿಮೆ. ಮುಂಗಾರಿನಲ್ಲಿ ಈ ನಷ್ಟ ಅಷ್ಟಾಗಿ ಕಾಣುವುದಿಲ್ಲ, ಏಕೆಂದರೆ ಆಗ ಹೊಳೆಯೇ ತುಂಬಿ ಹರಿಯುತ್ತಿರುತ್ತದೆ, ಒಳ್ಳೆಯ ವರ್ಷಗಳಲ್ಲಿ ಕ್ರೆಸ್ಟ್ ಗೇಟ್ ಎತ್ತಿ ನೀರು ಬಿಡುತ್ತಾರೆ. ಹೊಳೆ ನಿಂತ ಮೇಲೆ, ನವೆಂಬರ್ ದಾಟಿದ ಮೇಲೆ, ಒಡಲಲ್ಲಿ ಇಟ್ಟುಕೊಂಡ ನೀರೇ ಗತಿ. ಹೂಳು ತಿಂದ 27 ಟಿಎಂಸಿಯ ಪೆಟ್ಟೆಲ್ಲ ಬೀಳುವುದು ಎರಡನೇ ಬೆಳೆಗೆ. ಅದಕ್ಕೇ ಎರಡನೇ ಭತ್ತದ ಮಾತನ್ನು ಮೊದಲು ಎತ್ತಿದೆ. ಹೂಳು ನಿಮ್ಮಿಂದ ಬಂದದ್ದಲ್ಲ, ಒಪ್ಪಿದೆ. ಕೊನೆ ಭಾಗದವರಿಂದಲೂ ಬಂದದ್ದಲ್ಲ. ಇಬ್ಬರದೂ ಅಲ್ಲದ ನಷ್ಟವನ್ನು ಒಬ್ಬರೇ ಹೊರುತ್ತಿದ್ದಾರೆ ಎಂಬುದೇ ನನ್ನ ಸಂಕಟ.

‘ನಮ್ಮ ನೆಲದಲ್ಲಿ ಈಗ ಭತ್ತ ಬಿಟ್ಟು ಬೇರೆ ಏನೂ ಬರುವುದಿಲ್ಲ’ ಎಂಬುದು ನಿಮ್ಮ ಉತ್ತರಗಳಲ್ಲೇ ಹೆಚ್ಚು ತೂಕದ್ದು. ತಗ್ಗಿನ ಎರೆಹೊಲಗಳ ಮಟ್ಟಿಗೆ ಇದು ಸತ್ಯ. ಈ ಅಚ್ಚುಕಟ್ಟಿನಲ್ಲಿ ಹತ್ತಾರು ಸಾವಿರ ಹೆಕ್ಟೇರ್ ಸವುಳು, ಜವುಳಿಗೆ ತುತ್ತಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಇದರ ಮೇಲೆಯೇ ಕೆಲಸ ಮಾಡುತ್ತಿದೆ. ಅಂಥ ನೆಲದಲ್ಲಿ ಉಪ್ಪು ಮೇಲೆ ಏರದಂತೆ ತಡೆಯಲು ನೀರು ನಿಲ್ಲಿಸಬೇಕಾಗುತ್ತದೆ, ನೀರು ನಿಂತರೆ ಭತ್ತವೇ ಗತಿ. ಆದರೆ ಆ ನೆಲ ಹಾಗಾದದ್ದು ಹೇಗೆ? ಮೇಲಿನ ಮಸಾರಿ ಹೊಲದಲ್ಲಿ ವರ್ಷಕ್ಕೆರಡು ಸಲ ನೀರು ನಿಲ್ಲಿಸಿದ್ದರಿಂದ ಅದು ಬಸಿದು ತಗ್ಗಿಗೆ ಬಂತು. ಒಬ್ಬ ರೈತ ತಾನು ಹತ್ತಿ ಹಾಕುತ್ತೇನೆಂದು ಹೊರಟರೂ ಪಕ್ಕದ ಗದ್ದೆಯ ಬಸಿನೀರು ಅವನ ಬೇರನ್ನು ಕೊಳೆಸುತ್ತದೆ, ಮುಂದಿನ ವರ್ಷ ಅವನೂ ಭತ್ತಕ್ಕೇ ಬರುತ್ತಾನೆ. ಒಬ್ಬೊಬ್ಬರ ಮನಸ್ಸಿಗೆ ಬಿಟ್ಟರೆ ಈ ಸುತ್ತು ಮುರಿಯುವುದಿಲ್ಲ. ಒಂದು ತೂಬಿನ ಕೆಳಗಿನ ಹೊಲವೆಲ್ಲ ಒಟ್ಟಿಗೆ ಬೆಳೆ ಬದಲಿಸಬೇಕು, ಬಸಿಗಾಲುವೆಗಳನ್ನು ತೆರವು ಮಾಡಬೇಕು. ತಗ್ಗಿನ ಜವುಳು ನೆಲಕ್ಕೆ ಭತ್ತವನ್ನು ಬಿಟ್ಟುಕೊಟ್ಟು, ಎತ್ತರದ ಮಸಾರಿಯಿಂದ ಅದನ್ನು ತೆಗೆಯುವುದು ಸಾಧ್ಯ. ಮುಂಗಾರಿನ ಭತ್ತವನ್ನೂ ಕೂರಿಗೆಯಲ್ಲಿ ನೇರ ಬಿತ್ತಿದರೆ ಸಸಿಮಡಿಯ ನೀರು, ಕೆಸರು ಮಾಡುವ ನೀರು ಉಳಿಯುತ್ತದೆ. ನಿಮ್ಮಲ್ಲೇ ಹಲವರು ಇದನ್ನು ಮಾಡುತ್ತಿದ್ದೀರಿ. ನಾಟಿಯ ವಾರಗಳಲ್ಲಿ ಎಲ್ಲರೂ ಒಟ್ಟಿಗೆ ನೀರು ಕೇಳುವ ನೂಕುನುಗ್ಗಲು ತಗ್ಗಿದರೆ ಆ ವಾರಗಳಲ್ಲೇ ಕೆಳಗಿನವರ ಬಿತ್ತನೆಗೂ ನೀರು ಸಿಗುತ್ತದೆ.

ವಿಜಯನಗರ ಕಾಲದ ಕಾಲುವೆಗಳ ಕೆಳಗೆ ನೂರಾರು ವರ್ಷದಿಂದ ಭತ್ತ, ಬಾಳೆ, ಕಬ್ಬು ಬೆಳೆಯುತ್ತಿಲ್ಲವೇ ಎಂದು ಕೇಳುವವರೂ ಇದ್ದಾರೆ. ಬೆಳೆಯುತ್ತಿದ್ದಾರೆ, ಅದು ಈ ನಾಡಿನ ಹೆಮ್ಮೆ. ಆದರೆ ಅವು ಹೊಳೆಗೆ ಅಡ್ಡ ಹಾಕಿದ ಸಣ್ಣ ಅಣೆಗಳಿಂದ ಹೊರಟು ಹೊಳೆಯ ಮಗ್ಗುಲಲ್ಲೇ ಸಾಗುವ ಗಿಡ್ಡ ಕಾಲುವೆಗಳು. ಬಸಿದ ನೀರು ಮತ್ತೆ ಹೊಳೆಗೇ ಸೇರುತ್ತದೆ. ನೂರು ಮೈಲು ಆಚೆಯ ಹೊಲದ ಹೆಸರಲ್ಲಿ ಅವಕ್ಕೆ ಸಾಲವಿಲ್ಲ.

ಬೆಲೆಯ ಮಾತು ಬಂದಾಗ ನಾನು ನಿಮ್ಮ ಪಕ್ಷ. ಭತ್ತಕ್ಕೆ ಮನೆಬಾಗಿಲಲ್ಲಿ ಕೊಳ್ಳುವವರಿದ್ದಾರೆ, ಮಿಲ್ಲಿನವರು ಮುಂಗಡ ಕೊಡುತ್ತಾರೆ, ಯಂತ್ರದಲ್ಲಿ ಕೊಯ್ಲಾಗುತ್ತದೆ. ಜೋಳಕ್ಕೆ ಬೆಂಬಲ ಬೆಲೆ ಇದೆ, ಆದರೆ ನೋಂದಣಿಯ ಗಡುವು, ಎಕರೆಗೆ ಇಷ್ಟೇ ಎಂಬ ಮಿತಿ, ಹಣ ಖಾತೆಗೆ ಬೀಳುವವರೆಗಿನ ಕಾಯುವಿಕೆ ರೈತನನ್ನು ಹಣ್ಣು ಮಾಡುತ್ತವೆ. ನೀರು ಉಳಿಸುವ ಬೆಳೆ ಹಾಕಿದವನಿಗೆ ನಷ್ಟ, ನೀರು ಕುಡಿಯುವ ಬೆಳೆ ಹಾಕಿದವನಿಗೆ ನಿಶ್ಚಿಂತೆ ಎಂಬ ಸ್ಥಿತಿಯನ್ನು ಸರ್ಕಾರ ಬದಲಿಸಲೇಬೇಕು. ಎರಡನೇ ಹಂಗಾಮಿನಲ್ಲಿ ಅಚ್ಚುಕಟ್ಟಿನ ಜೋಳ, ಕಡಲೆಯನ್ನು ಮಿತಿಯಿಲ್ಲದೆ, ಕೊಯ್ಲಾದ ಕೂಡಲೇ ಕೊಳ್ಳುವ ವ್ಯವಸ್ಥೆ ಬೇಕು. ಈ ಬೇಡಿಕೆಯನ್ನು ನೀವು ಒಬ್ಬರೇ ಇಟ್ಟರೆ ಮೇಲ್ಭಾಗದವರ ಹೊಸ ಸವಲತ್ತು ಎನ್ನುತ್ತಾರೆ. ಮಾನ್ವಿ, ಸಿರವಾರದ ರೈತರು ನಿಮ್ಮ ಪಕ್ಕ ನಿಂತು ಇಟ್ಟರೆ ತಳ್ಳಿಹಾಕುವುದು ಯಾವ ಸರ್ಕಾರಕ್ಕೂ ಕಷ್ಟ. ಇವತ್ತು ಅವರು ನಿಮ್ಮ ಎದುರು ನಿಂತಿದ್ದಾರೆ.

‘ಅವರ ಹೊಲ ಮೇಲಿದ್ದಿದ್ದರೆ ಅವರೂ ಭತ್ತವನ್ನೇ ಹಾಕುತ್ತಿದ್ದರು’ ಎಂದೂ ಹೇಳುತ್ತೀರಿ. ಹೌದು, ಹಾಕುತ್ತಿದ್ದರು. ನೀರು ಸಿಕ್ಕ ವರ್ಷ ಕೆಳಗೂ ಭತ್ತ ಹಾಕಿದವರಿದ್ದಾರೆ. ಆದ್ದರಿಂದ ಮಿತಿ ಎನ್ನುವುದು ಕಾಲುವೆಯ ಎಲ್ಲ ಮೈಲಿಗೂ ಅನ್ವಯಿಸಬೇಕು, ಕೆಳಗಿನವರೂ ಬರೆದು ಒಪ್ಪಬೇಕು. ಐವತ್ತರ ದಶಕದ ಲೋಕಲೈಜೇಶನ್ ಪಟ್ಟಿ ಇವತ್ತಿನ ನೆಲಕ್ಕೆ ಹೊಂದುವುದಿಲ್ಲ ಎಂಬ ನಿಮ್ಮ ತಕರಾರೂ ಸರಿಯೇ. ಹೊಂದದಿದ್ದರೆ ಎಲ್ಲರ ಎದುರು ಕೂತು ತಿದ್ದೋಣ. ಕಾಗದದ ಮೇಲೆ ಒಂದು ಪಟ್ಟಿ, ನೆಲದ ಮೇಲೆ ಇನ್ನೊಂದು ಎಂಬ ಈಗಿನ ಏರ್ಪಾಟಿನಲ್ಲಿ ಬಲವಿದ್ದವನಿಗೆ ನೀರು, ಇಲ್ಲದವನಿಗೆ ಮನವಿಪತ್ರ. ಪಟ್ಟಿ ಮೀರಿದ ನೀರು ಕಾನೂನಿನ ಕಣ್ಣಲ್ಲಿ ಅಕ್ರಮ ಎನಿಸಿಕೊಳ್ಳುವುದರಿಂದ ನಿಮಗೂ ನೆಮ್ಮದಿಯಿಲ್ಲ, ಯಾರದೋ ಮರ್ಜಿ ಕಾಯಬೇಕು. 1990ರ ದಶಕದಲ್ಲಿ ಇದೇ ಕಾಲುವೆಯ ಮೇಲೆ ಅಧ್ಯಯನ ನಡೆಸಿದ ಪೀಟರ್ ಮೊಲ್ಲಿಂಗ ಅವರು ಇಲ್ಲಿಯ ನೀರು ಹಂಚಿಕೆ ಎಂಜಿನಿಯರಿಂಗ್‌ನಷ್ಟೇ ರಾಜಕಾರಣದ ಪ್ರಶ್ನೆಯೂ ಹೌದು ಎಂದು ತೋರಿಸಿಕೊಟ್ಟರು. ಕೊರತೆ ಬಂದಾಗ ಕೆಲವು ಉಪಕಾಲುವೆಗಳಲ್ಲಿ ರೈತರೇ ಸರದಿಯ ನಿಯಮ ಮಾಡಿಕೊಂಡದ್ದೂ ಇದೆ. ಒಂದು ಉಪಕಾಲುವೆಯ ಒಳಗೆ ಆದದ್ದು ಮುಖ್ಯ ಕಾಲುವೆಯ ಉದ್ದಕ್ಕೂ ಆಗಲಿ ಎನ್ನುತ್ತಿದ್ದೇನೆ.

ನವಲಿ ಬಳಿ ಸಮತೋಲನ ಜಲಾಶಯ ಕಟ್ಟಲಿ, ಕಾರ್ಖಾನೆಗಳಿಗೆ ಹೋಗುವ ನೀರಿನ ಲೆಕ್ಕ ಹೊರಬರಲಿ, ಆಮೇಲೆ ನಮ್ಮ ಹತ್ತಿರ ಬನ್ನಿ ಎಂಬ ಮಾತೂ ಕೇಳಿಬರುತ್ತದೆ. ಎರಡೂ ನ್ಯಾಯವಾದ ಬೇಡಿಕೆಗಳು. ಆದರೆ ನವಲಿಗೆ ಆಂಧ್ರಪ್ರದೇಶ, ತೆಲಂಗಾಣಗಳ ಒಪ್ಪಿಗೆ ಬೇಕು, ಅಲ್ಲಿಯವರೆಗಿನ ಹಂಗಾಮುಗಳು ಕಾಯುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋದದ್ದು ನೆನಪಿದೆಯಲ್ಲ. ತುಂಬಿದ್ದ ಜಲಾಶಯದಿಂದ ದಿನಗಟ್ಟಲೆ ನೀರು ಹೊಳೆಗೆ ಹೋಯಿತು. ಹರಿಯುವ ನೀರಿನ ನಡುವೆ ಸ್ಟಾಪ್‌ಲಾಗ್ ಇಳಿಸುವವರೆಗೆ ಮುನಿರಾಬಾದಿನಿಂದ ರಾಯಚೂರಿನವರೆಗೆ ಎಲ್ಲ ರೈತರೂ ಒಂದೇ ಆತಂಕದಲ್ಲಿದ್ದರು. ಮಳೆ ಕೈಹಿಡಿಯಿತು, ಜಲಾಶಯ ಮತ್ತೆ ತುಂಬಿತು. ಎಪ್ಪತ್ತು ವರ್ಷ ದಾಟಿದ ಅಣೆಕಟ್ಟು, ಹೂಳು ತುಂಬಿದ ಒಡಲು, ಮಳೆಯ ನಂಬಿಕೆ ಇಲ್ಲದ ಕಾಲ. ಇವುಗಳ ನಡುವೆ ಮೇಲ್ಭಾಗಕ್ಕೂ ನೀರು ಸಾಲದ ವರ್ಷ ಬಂದೇ ಬರುತ್ತದೆ. ಆಗ ಬಳಸಲು ಒಂದು ಒಪ್ಪಿತ ಹಂಚಿಕೆ ಈಗಿನಿಂದಲೇ ಇರಬೇಕು.

ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಗೆ ಮೊದಲು ನಿಮ್ಮ ಸಂಘಗಳು ಮೂರು ಕೆಲಸ ಮಾಡಬಹುದು. ತೂಬುವಾರು ಭತ್ತದ ನಿಜವಾದ ವಿಸ್ತೀರ್ಣವನ್ನು, ಪಟ್ಟಿಯೊಳಗಿನದನ್ನೂ ಹೊರಗಿನದನ್ನೂ, ನೀವೇ ಬರೆದು ಸಭೆಯ ಮುಂದಿಡಿ. ಹಿಂಗಾರಿಗೆ ಯಾವ ತೂಬಿನ ಕೆಳಗೆ ಭತ್ತ ಬಿಡುತ್ತೀರಿ, ಅದಕ್ಕೆ ಪ್ರತಿಯಾಗಿ ಖರೀದಿಯ ಯಾವ ಖಾತರಿ ಬೇಕು ಎಂಬುದನ್ನು ಅದರ ಜೊತೆಯೇ ಬರೆಯಿರಿ. ಮತ್ತು ಮೈಲು 47, 69, 104ರ ಗೇಜುಗಳನ್ನು ದಿನಕ್ಕೆರಡು ಹೊತ್ತು ಮೇಲ್ಭಾಗದ ಒಬ್ಬರು, ಕೊನೆ ಭಾಗದ ಒಬ್ಬರು ಜೊತೆಯಲ್ಲಿ ನಿಂತು ಓದಿ, ಓದಿದ ಅಂಕಿಗೆ ಇಬ್ಬರೂ ಸಹಿ ಹಾಕುವ ವ್ಯವಸ್ಥೆಗೆ ನೀವೇ ಮೊದಲು ಒಪ್ಪಿ. ಈ ಮೂರನೆಯದಕ್ಕೆ ಸರ್ಕಾರದ ದುಡ್ಡೂ ಬೇಡ, ಆದೇಶವೂ ಬೇಡ. ಮುಂಗಾರಿನ ನೀರು ಬಿಟ್ಟ ದಿನದಿಂದಲೇ ಶುರುಮಾಡಬಹುದು.